ದೂರದ ಬೆಟ್ಟ ಮತ್ತು ಪರದೆಯ ಸೊನ್ನೆ

ಹರಪನಹಳ್ಳಿ ಸೀಮೆಯಲ್ಲಿ ಪ್ರಯಾಣ ಮಾಡುವವರಿಗೆ ಉಚ್ಚಂಗಿದುರ್ಗದ ಬೆಟ್ಟ ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಜೋಳದ ಹೊಲಗಳ ಆಚೆ ಆಕಾಶಕ್ಕೆ ಒರಗಿ ನಿಂತಂತಿರುವ ಅದರ ಅಂಚು ಯಾರೋ ಒಂದೇ ಉಸಿರಿನಲ್ಲಿ ಎಳೆದ ಗೆರೆಯಷ್ಟು ನುಣುಪು. ಹತ್ತಿರ ಬಂದು ಮೆಟ್ಟಿಲು ಹತ್ತತೊಡಗಿದಾಗ ಆ ನುಣುಪು ಮಾಯವಾಗುತ್ತದೆ. ಸೀಳಿದ ಬಂಡೆಗಳು, ಮುಳ್ಳುಕಂಟಿ, ಕುಸಿದ ಕೋಟೆಯ ಕಲ್ಲುಗಳು ಒಂದೊಂದಾಗಿ ಎದುರಾಗುತ್ತವೆ. 'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಜನ ಮೋಸದ ಮಾತಾಗಿ ಬಳಸುತ್ತಾರೆ. ಆದರೆ ಆ ಗಾದೆಯಲ್ಲಿ ಕಣ್ಣಿನ ಗುಣವೊಂದರ ನಿಜವಾದ ವಿವರಣೆಯೂ ಇದೆ. ತನಗೆ ಬಿಡಿಬಿಡಿಯಾಗಿ ಕಾಣಲಾರದಷ್ಟು ಸಣ್ಣದಾದದ್ದನ್ನು ಕಣ್ಣು ಒಟ್ಟುಗೂಡಿಸಿ, ಸರಾಸರಿ ಮಾಡಿ ನೋಡುತ್ತದೆ. ಉಬ್ಬು ತಗ್ಗುಗಳು ಆ ಸರಾಸರಿಯಲ್ಲಿ ಕರಗಿಹೋಗುತ್ತವೆ.

ಗಣಕಯಂತ್ರದ ಪರದೆಯ ಮೇಲೆ ದುಂಡಗಿನ ಆಕಾರಗಳನ್ನು ನುಣುಪಾಗಿ ಮೂಡಿಸುವ ವಿದ್ಯೆ ನಿಂತಿರುವುದು ಕಣ್ಣಿನ ಈ ಗುಣದ ಮೇಲೆಯೇ. ಭರತ ಹುಣ್ಣಿಮೆಯ ಜಾತ್ರೆಗೆ ಬಂದವರು ಮೊಬೈಲಿನಲ್ಲಿ 'ಉಚ್ಚಂಗಿದುರ್ಗ' ಎಂಬ ಹೆಸರನ್ನು ಓದುವಾಗ ಅದರ ನಡುವಿನ ಸೊನ್ನೆ ಬಳೆಯಷ್ಟೇ ದುಂಡಾಗಿ ಕಾಣುತ್ತದೆ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ದುಂಡು ಎಂಬುದೇ ಇಲ್ಲ. ಇರುವುದು ಸಾಲಾಗಿ ಜೋಡಿಸಿದ ಚೌಕಗಳು ಮಾತ್ರ. ಕೆಲವು ಕಪ್ಪು, ಕೆಲವು ಬಿಳಿ, ಅವುಗಳ ಗಡಿಯಲ್ಲಿ ಒಂದಿಷ್ಟು ಬೂದು. ಚೌಕಗಳಿಂದ ದುಂಡನ್ನು ಕಟ್ಟುವ ಈ ಕೆಲಸ ಯಾವ ಭಾಷೆಯ ಬರಹಕ್ಕೂ ಬೇಕಾದದ್ದೇ. ಅಕ್ಷರಗಳೆಲ್ಲ ಬಹುಮಟ್ಟಿಗೆ ದುಂಡಗಿರುವ ಕನ್ನಡಕ್ಕೆ ಮಾತ್ರ ಅದು ಓದು ಸಾಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ.

ದುಂಡಿನ ಹಳೆಯ ದಾರಿಗಳು

ಉಚ್ಚಂಗಿ ಒಂದು ಕಾಲಕ್ಕೆ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆ. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಈ ದುರ್ಗವನ್ನು ಗೆದ್ದುಕೊಂಡ. ಚಾಲುಕ್ಯರ ಕಾಲದ ಶಿಲ್ಪಿಗಳು ದುಂಡಿನ ಕೆಲಸದಲ್ಲಿ ಎಷ್ಟು ಪಳಗಿದ್ದರು ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಅದೇ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳಿಗೆ ಹೋದರೆ ಸಾಕು. ಮೆದುವಾದ ಬಳಪದ ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದ ಕಂಬಗಳು ಆ ಕಾಲದ ಗುಡಿಗಳ ಗುರುತು. ಕಲ್ಲು ತಿರುಗಿದಾಗ ಉಳಿಯ ಮೊನೆ ತಾನಾಗಿಯೇ ವೃತ್ತವನ್ನು ಬರೆಯುತ್ತದೆ. ಅಲ್ಲಿ ದುಂಡು ಎಂಬುದು ಚಲನೆಯಿಂದ ಹುಟ್ಟಿದ್ದು.

ಅಕ್ಷರಗಳ ದುಂಡೂ ಚಲನೆಯಿಂದ ಹುಟ್ಟಿದ್ದೇ. ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನದ ಲಿಪಿಯಲ್ಲಿ ಕೋನಗಳು, ನೇರ ಗೆರೆಗಳು ಇನ್ನೂ ಎದ್ದು ಕಾಣುತ್ತವೆ. ಮುಂದಿನ ಐದಾರು ಶತಮಾನಗಳಲ್ಲಿ ಕನ್ನಡದ ಅಕ್ಷರಗಳು ನಿಧಾನವಾಗಿ ಮೈದುಂಬಿಕೊಂಡು, ಚಾಲುಕ್ಯ ಹೊಯ್ಸಳರ ಶಾಸನಗಳ ಹೊತ್ತಿಗೆ ಮುತ್ತು ಪೋಣಿಸಿದಂತಾಗುತ್ತವೆ. ಇದಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಕಾರಣ ತಾಳೆಗರಿ. ಗರಿಯ ನಾರು ಉದ್ದಕ್ಕೆ ಸಾಗಿರುತ್ತದೆ. ಕಂಠದ ಮೊನೆ ಆ ನಾರಿನ ಜಾಡಿನಲ್ಲೇ ನೇರವಾಗಿ ಎಳೆದರೆ ಗರಿ ಸೀಳುವ ಭಯ. ಬಾಗಿಸಿ, ತಿರುಗಿಸಿ ಬರೆದರೆ ಆ ಭಯ ಕಡಿಮೆ. ಗರಿಯ ಮೇಲೆ ಪಳಗಿದ ಕೈಯ ಬಾಗು ಕಲ್ಲಿನ ಮೇಲೂ ಉಳಿದುಕೊಂಡಿತು.

ಅಚ್ಚಿನ ಕಾಲ ಬಂದಾಗಲೂ ಇದು ಬದಲಾಗಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದು. ಅಲ್ಲಿ ಕೈಬರಹವೇ ಮುದ್ರಣ. ಮರುವರ್ಷ ಆ ಪತ್ರಿಕೆ 'ಕನ್ನಡ ಸಮಾಚಾರ'ವಾಗಿ ಬಳ್ಳಾರಿಗೆ ಬಂದು ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡಿತು. ಮೊಳೆ ಎರಕ ಹೊಯ್ಯುವ ಮೊದಲು ಅಕ್ಷರದ ಮೂಲರೂಪವನ್ನು ಲೋಹದ ತುದಿಯಲ್ಲಿ ಅರ, ಉಳಿ ಹಿಡಿದು ಕೊರೆಯಬೇಕಾಗಿತ್ತು. ಗರಿಯಾಗಲಿ, ಕಲ್ಲಾಗಲಿ, ಸೀಸವಾಗಲಿ, ಎಲ್ಲದರಲ್ಲೂ ಬಾಗು ಎಂದರೆ ಒಂದು ಕೈ ನಡೆದ ದಾರಿ. ಪರದೆಯಲ್ಲಿ ಅಂಥ ದಾರಿಯಿಲ್ಲ. ಪ್ರತಿಯೊಂದು ಚೌಕಕ್ಕೂ ಬೇರೆಬೇರೆಯಾಗಿ, 'ನಿನ್ನ ಬಣ್ಣ ಇಂಥದ್ದು' ಎಂದು ಅಪ್ಪಣೆ ಕೊಡುವುದಷ್ಟೇ ಅಲ್ಲಿ ಸಾಧ್ಯ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು.

ಕಸೂತಿಯ ಕಷ್ಟ

ಇಂಥ ಕಟ್ಟುಪಾಡು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಸೂಜಿ ಅಡ್ಡ, ಉದ್ದ, ಓರೆಯಾಗಿ ನಡೆಯಬಲ್ಲದೇ ಹೊರತು ಬಾಗಿ ನಡೆಯಲಾರದು. ಆದ್ದರಿಂದಲೇ ಕಸೂತಿಯ ತೇರು, ಗೋಪುರಗಳು ಗೆರೆ ಹೊಡೆದಂತೆ ಚೊಕ್ಕವಾಗಿರುತ್ತವೆ. ನವಿಲಿನ ಕತ್ತು, ಆನೆಯ ಬೆನ್ನು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆಯನ್ನು ನೋಡಿದವರಿಗೆ ಹಳೆಯ ಗಣಕ ಪರದೆಯ ವೃತ್ತ ಹೇಗಿರುತ್ತಿತ್ತು ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಕಸೂತಿಯಲ್ಲಿ ಆ ಮೆಟ್ಟಿಲೇ ಅಂದ. ಅಕ್ಷರದಲ್ಲಿ ಅದು ಅಡ್ಡಿ.

ಪರದೆಯ ಮೇಲೆ ವೃತ್ತ ಬರೆಯುವ ಮೊದಲ ತೊಡಕು ಅಂದದ್ದಲ್ಲ, ಲೆಕ್ಕದ್ದು. ವೃತ್ತದ ಒಳಗೆ ಯಾವ ಚೌಕಗಳು ಬೀಳುತ್ತವೆ ಎಂದು ತಿಳಿಯಬೇಕಾದರೆ ಕೇಂದ್ರದಿಂದ ಅವುಗಳ ದೂರ ಗೊತ್ತಾಗಬೇಕು. ಅದಕ್ಕೆ ವರ್ಗಮೂಲ ಬೇಕು. 1980ರ ಸುಮಾರಿನ ಸಣ್ಣ ಗಣಕಗಳಿಗೆ ವರ್ಗಮೂಲ ತೆಗೆಯುವುದು ಬಹಳ ನಿಧಾನದ ಕೆಲಸ. 1981ರಲ್ಲಿ ಅಮೆರಿಕದ ಆಪಲ್ ಕಂಪನಿಯಲ್ಲಿ ಮ್ಯಾಕಿಂತೋಷ್ ಗಣಕದ ಚಿತ್ರ ಬರೆಯುವ ತಂತ್ರಾಂಶವನ್ನು ರೂಪಿಸುತ್ತಿದ್ದ ಬಿಲ್ ಅಟ್ಕಿನ್ಸನ್ ಈ ತೊಡಕನ್ನು ಒಂದು ಹಳೆಯ ಸೂತ್ರದಿಂದ ಬಿಡಿಸಿದರು. ಒಂದರಿಂದ ಶುರುಮಾಡಿ ಬೆಸ ಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಸಿಗುವುದೆಲ್ಲ ವರ್ಗಸಂಖ್ಯೆಗಳೇ. 1ಕ್ಕೆ 3 ಕೂಡಿಸಿದರೆ 4, ಅದಕ್ಕೆ 5 ಕೂಡಿಸಿದರೆ 9, ಮತ್ತೆ 7 ಕೂಡಿಸಿದರೆ 16. ಗುಣಾಕಾರವೂ ಬೇಡ, ಮೂಲವೂ ಬೇಡ. ಕೂಡುವುದು ಕಳೆಯುವುದಷ್ಟೇ ಸಾಕು.

ಈ ಸೂತ್ರ ಕನ್ನಡ ನಾಡಿಗೆ ಹಳೆಯ ಪರಿಚಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರ ಸಂಗ್ರಹ'ದಲ್ಲಿ ಸಂಖ್ಯೆಯೊಂದರ ವರ್ಗವನ್ನು ಕಂಡುಹಿಡಿಯುವ ದಾರಿಗಳಲ್ಲಿ ಇದನ್ನೂ ಒಂದಾಗಿ ಹೇಳಿದ್ದಾನೆ. ಮೊದಲ ಪದ 1, ಏರಿಕೆ 2 ಇರುವ ಶ್ರೇಢಿಯನ್ನು ಎಷ್ಟು ಪದಗಳವರೆಗೆ ಕೂಡಿಸಿದರೆ ಅಷ್ಟರ ವರ್ಗ ಸಿಗುತ್ತದೆ ಎಂಬುದು ಅಲ್ಲಿನ ಮಾತಿನ ಸಾರಾಂಶ. ಅಟ್ಕಿನ್ಸನ್ ಆ ಗ್ರಂಥವನ್ನು ನೋಡಿದ್ದರೆಂದು ಇದರ ಅರ್ಥವಲ್ಲ. ಒಂಬತ್ತನೆಯ ಶತಮಾನದಲ್ಲಿ ಲೆಕ್ಕ ಹಗುರಮಾಡಲು ಬಂದ ಉಪಾಯ ಇಪ್ಪತ್ತನೆಯ ಶತಮಾನದ ಯಂತ್ರಕ್ಕೂ ಅದೇ ಕಾರಣಕ್ಕೆ ಬೇಕಾಯಿತು, ಅಷ್ಟೆ.

ಕೆಲಸ ನಡೆಯುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 10 ಚೌಕ ತ್ರಿಜ್ಯದ ವೃತ್ತ ಬರೆಯಬೇಕು. ಕೇಂದ್ರದಿಂದ ಅಡ್ಡ ದೂರದ ವರ್ಗವನ್ನೂ ಎತ್ತರದ ವರ್ಗವನ್ನೂ ಕೂಡಿಸಿದರೆ 100 ಮೀರಬಾರದು. ಶುರುವಿನಲ್ಲಿ ಅಡ್ಡ ದೂರ 0, ಎತ್ತರ 10, ಮೊತ್ತ 100. ಒಂದು ಚೌಕ ಬಲಕ್ಕೆ ಸರಿದರೆ 1 ಕೂಡಿ 101 ಆಗುತ್ತದೆ. ಮಿತಿ ಮೀರಿತು, ಒಂದು ಚೌಕ ಕೆಳಗಿಳಿಯಬೇಕು. ಆಗ 19 ಕಳೆದು 82. ಮತ್ತೆ ಬಲಕ್ಕೆ ಸರಿಯುತ್ತ 3, 5, 7 ಕೂಡಿಸಿದರೆ 97ರವರೆಗೆ ತೊಂದರೆಯಿಲ್ಲ. 9 ಕೂಡಿಸಿದಾಗ 106. ಮತ್ತೆ ಇಳಿದು 17 ಕಳೆದರೆ 89. 11 ಕೂಡಿಸಿದರೆ ಸರಿಯಾಗಿ 100. ಅಲ್ಲಿ ಅಡ್ಡ ದೂರ 6, ಎತ್ತರ 8. ವೃತ್ತದ ಎಂಟನೆಯ ಒಂದು ಭಾಗವನ್ನು ಹೀಗೆ ನಡೆದರೆ ಉಳಿದ ಏಳು ಭಾಗಗಳು ಕನ್ನಡಿಯಲ್ಲಿ ಕಂಡಂತೆ ತಾವಾಗಿಯೇ ಸಿಗುತ್ತವೆ.

ಅಟ್ಕಿನ್ಸನ್ ಈ ವೇಗದ ವೃತ್ತಗಳನ್ನು ತೋರಿಸಿದಾಗ ಸ್ಟೀವ್ ಜಾಬ್ಸ್, ಮೂಲೆ ದುಂಡಾಗಿರುವ ಆಯತ ಬರೆಯಲಾಗುತ್ತದೆಯೇ ಎಂದು ಕೇಳಿದರು. ಅದು ಕಷ್ಟ, ಅಷ್ಟೇನೂ ಬೇಕಾದದ್ದೂ ಅಲ್ಲ ಎಂಬುದು ಅಟ್ಕಿನ್ಸನ್ ಅವರ ಉತ್ತರವಾಗಿತ್ತು. ಜಾಬ್ಸ್ ಅವರನ್ನು ಹೊರಗೆ ಕರೆದೊಯ್ದು ಬೀದಿಯಲ್ಲಿ ಮೂಲೆ ದುಂಡಾಗಿರುವ ವಸ್ತುಗಳನ್ನೇ ಎಣಿಸುತ್ತ ನಡೆದರು. ವಾಹನ ನಿಲ್ಲಿಸಬಾರದೆಂಬ ಫಲಕದ ಮೂಲೆಯೂ ದುಂಡಗೇ ಇತ್ತು. ಮರುದಿನವೇ ಅಟ್ಕಿನ್ಸನ್ ಕೆಲಸ ಮುಗಿಸಿ ತಂದರು. ಇಂದು ಯಾವ ಪರದೆಯಲ್ಲಿ ನೋಡಿದರೂ ಗುಂಡಿ, ಕಿಟಕಿ, ಚೀಟಿಗಳ ಮೂಲೆಗಳು ದುಂಡಗಿರುವುದಕ್ಕೆ ಆ ನಡಿಗೆಯೂ ಒಂದು ಕಾರಣ.

ಮುಳುಗಿದ ಹೊಲದ ಲೆಕ್ಕ

1984ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಕಿಂತೋಷಿನ ಪರದೆಯಲ್ಲಿ ಚೌಕ ಕಪ್ಪಾಗಬೇಕು ಇಲ್ಲವೇ ಬಿಳಿಯಾಗಬೇಕು. ನಡುವೆ ಏನೂ ಇರಲಿಲ್ಲ. ಹಾಗಾಗಿ ವೃತ್ತ ಎಷ್ಟು ಬೇಗ ಮೂಡಿದರೂ ಅಂಚಿನ ಮೆಟ್ಟಿಲು ಉಳಿದೇ ಇತ್ತು. ಬಣ್ಣದ ಹಲವು ಮಟ್ಟಗಳನ್ನು ತೋರಿಸಬಲ್ಲ ಪರದೆಗಳಲ್ಲಿ ಆ ಮೆಟ್ಟಿಲನ್ನು ಅಳಿಸುವ ದಾರಿಯೊಂದಿದೆ. ಅದನ್ನು ತಿಳಿಯಲು ತುಂಗಭದ್ರಾ ಜಲಾಶಯದ ದಂಡೆಗೆ ಹೋಗುವುದು ಒಳ್ಳೆಯದು.

ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲಗಳಿಗೂ ನುಗ್ಗಿತು. ನೀರಿನ ಅಂಚು ಬಾಗುಬಾಗಾಗಿರುತ್ತದೆ. ಹೊಲದ ಬದು ನೇರ. ಒಂದು ಎಕರೆಯ ಚೌಕ ಹೊಲವೊಂದನ್ನು ನೀರಿನ ಅಂಚು ಕೊಯ್ದುಕೊಂಡು ಹೋಗಿದೆ ಎಂದುಕೊಳ್ಳೋಣ. ಅದನ್ನು 'ಮುಳುಗಿದೆ' ಎಂದು ಬರೆಯುವುದೂ ತಪ್ಪು, 'ಮುಳುಗಿಲ್ಲ' ಎಂದು ಬರೆಯುವುದೂ ತಪ್ಪು. ನಲವತ್ತು ಗುಂಟೆಯಲ್ಲಿ ಹತ್ತು ಗುಂಟೆ ಮುಳುಗಿದೆ ಎಂದು ಬರೆಯುವುದು ನ್ಯಾಯ. ಪರದೆಯ ಅಂಚಿನ ಚೌಕಕ್ಕೂ ಇದೇ ನ್ಯಾಯ. ಕಪ್ಪು ವೃತ್ತ ಚೌಕದ ನಾಲ್ಕನೆಯ ಒಂದು ಭಾಗವನ್ನು ಮುಚ್ಚಿದ್ದರೆ ಆ ಚೌಕಕ್ಕೆ ಕಾಲು ಪಾಲು ಕಪ್ಪು. ಅರ್ಧ ಮುಚ್ಚಿದ್ದರೆ ಅರ್ಧ ಕಪ್ಪು. ಓದುವಷ್ಟು ದೂರದಿಂದ ನೋಡಿದಾಗ ಕಣ್ಣು ಆ ಬೂದು ಚೌಕಗಳನ್ನು ಬಿಡಿಯಾಗಿ ಕಾಣದೆ, ಅಂಚು ಚೌಕದ ನಡುವೆ ಎಲ್ಲೋ ಹಾದುಹೋಗಿದೆ ಎಂದು ತಿಳಿದುಕೊಳ್ಳುತ್ತದೆ. ದೂರದ ಬೆಟ್ಟವನ್ನು ಕಣ್ಣು ಹೇಗೆ ಸರಾಸರಿ ಮಾಡಿಕೊಳ್ಳುತ್ತದೆಯೋ ಆ ಸರಾಸರಿಯನ್ನು ಗಣಕ ಮೊದಲೇ ಮಾಡಿ ಕೊಟ್ಟಿರುತ್ತದೆ. ಅಂಚಿನ ಮೆಟ್ಟಿಲುಗಳ ಕಾರಣವನ್ನೂ ಪರಿಹಾರವನ್ನೂ ವಿವರಿಸಿ ಫ್ರಾಂಕ್ ಕ್ರೋ 1977ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಮೊದಲ ಮೈಲಿಗಲ್ಲುಗಳಲ್ಲೊಂದು. ಅಕ್ಷರಗಳನ್ನು ಬೂದು ಮಟ್ಟಗಳಲ್ಲಿ ತೋರಿಸುವ ಬಗ್ಗೆ ಜಾನ್ ವಾರ್ನಾಕ್ 1980ರಲ್ಲಿ ಬರೆದರು.

ಎಷ್ಟು ಗುಂಟೆ ಮುಳುಗಿತು ಎಂದು ಅಳೆಯುವುದು ಹೇಗೆ? ಒಂದು ಬಗೆಯೆಂದರೆ ಪ್ರತಿ ಚೌಕದೊಳಗೆ ಸಾಲಿಗೆ ನಾಲ್ಕರಂತೆ ಹದಿನಾರು ಚುಕ್ಕಿಗಳನ್ನಿಟ್ಟು, ಎಷ್ಟು ಚುಕ್ಕಿ ಆಕಾರದ ಒಳಗೆ ಬಿದ್ದವು ಎಂದು ಎಣಿಸುವುದು. ಹನ್ನೆರಡು ಬಿದ್ದರೆ ಮುಕ್ಕಾಲು ಪಾಲು. ಯಾವ ಆಕಾರಕ್ಕೂ ಇದು ಒದಗುತ್ತದೆ. ಆದರೆ ಕೆಲಸ ಹದಿನಾರು ಪಟ್ಟು. ಇನ್ನೊಂದು ಬಗೆ ದೂರವನ್ನೇ ಅಳೆಯುವುದು. ತ್ರಿಜ್ಯ 10 ಇರುವ ವೃತ್ತದಲ್ಲಿ ಒಂದು ಚೌಕದ ನಡುಬಿಂದು ಕೇಂದ್ರದಿಂದ 9.5ಕ್ಕಿಂತ ಹತ್ತಿರವಿದ್ದರೆ ಅದು ಪೂರ್ತಿ ಒಳಗೆ, 10.5ಕ್ಕಿಂತ ದೂರವಿದ್ದರೆ ಪೂರ್ತಿ ಹೊರಗೆ ಎಂದು ಹಿಡಿಯಲಾಗುತ್ತದೆ. ನಡುವಿನ ಒಂದು ಚೌಕದಷ್ಟು ಪಟ್ಟಿಯಲ್ಲಿ ಮಾತ್ರ ಬೂದು. ದೂರ 9.8 ಆದರೆ ಹತ್ತರಲ್ಲಿ ಏಳು ಪಾಲು, 10.2 ಆದರೆ ಮೂರು ಪಾಲು. ಇದು ಅಂದಾಜೇ ಆದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮೂಲೆ ದುಂಡಾದ ಆಯತಕ್ಕೂ ಇದೇ ಲೆಕ್ಕ. ಮೂಲೆಯ ಚೌಕದೊಳಗಿನ ಬಿಂದುಗಳಿಗೆ ಮೂಲೆಯ ವೃತ್ತದ ಕೇಂದ್ರದಿಂದ ದೂರ, ಉಳಿದ ಬಿಂದುಗಳಿಗೆ ನೇರ ಅಂಚಿನಿಂದ ದೂರ. ಒಂದು ಮೂಲೆಯ ಲೆಕ್ಕ ಸಿಕ್ಕರೆ ಉಳಿದ ಮೂರು ಅದರ ಪಡಿಯಚ್ಚು.

ನುಣುಪು ಮತ್ತು ಖಚಿತ

ಇಷ್ಟಾದರೆ ನುಣುಪು ಬಂದಂತಾಯಿತು. ಆದರೆ ನುಣುಪಿನ ಜೊತೆಗೆ ಮಬ್ಬೂ ಬರುತ್ತದೆ. ಕಾರ್ಯಕ್ರಮ ಬರೆಯುವವರು ಹೆಚ್ಚು ಎಡವುವುದು ಇಲ್ಲಿಯೇ. ಒಂದು ಚೌಕ ದಪ್ಪದ ನೇರ ಗೆರೆಯನ್ನು ಎರಡು ಸಾಲುಗಳ ಗಡಿಯ ಮೇಲೆ ಎಳೆದರೆ ಅದರ ಅರ್ಧ ಮೇಲಿನ ಸಾಲಿಗೆ, ಅರ್ಧ ಕೆಳಗಿನ ಸಾಲಿಗೆ ಹಂಚಿಹೋಗುತ್ತದೆ. ಕಪ್ಪಾದ ತೆಳು ಗೆರೆಯ ಬದಲು ಎರಡು ಚೌಕ ದಪ್ಪದ ಬೂದು ಪಟ್ಟಿ ಕಾಣುತ್ತದೆ. ಗೆರೆಯನ್ನು ಅರ್ಧ ಚೌಕದಷ್ಟು ಸರಿಸಿದರೆ ಅದು ಒಂದೇ ಸಾಲಿನಲ್ಲಿ ಕೂತು ಖಚಿತವಾಗುತ್ತದೆ. ಪರದೆಯನ್ನು ನೂರಕ್ಕೆ ನೂರಿಪ್ಪತ್ತೈದರಷ್ಟು ಹಿಗ್ಗಿಸಿದಾಗ ಒಂದು ಚೌಕದ ಗೆರೆ ಒಂದೂಕಾಲು ಚೌಕವಾಗಿ ಮತ್ತೆ ಮಬ್ಬಾಗುತ್ತದೆ. ಬರೆಯುವ ಮೊದಲೇ ಅದನ್ನು ಪೂರ್ಣಸಂಖ್ಯೆಗೆ ತರಬೇಕು. ನೇರ ಅಂಚುಗಳನ್ನು ಚೌಕಗಳ ಗಡಿಗೆ ಕೂರಿಸಬೇಕು, ಬೂದನ್ನು ಬಾಗುಗಳಿಗೆ ಮಾತ್ರ ಮೀಸಲಿಡಬೇಕು ಎಂಬುದು ಈ ಕಸಬಿನ ಮೊದಲ ಪಾಠ.

ಎರಡನೆಯ ಪಾಠ ಬೆಳಕಿನದು. ಪರದೆಯಲ್ಲಿ ಹೊಳಪನ್ನು 0ರಿಂದ 255ರವರೆಗಿನ ಸಂಖ್ಯೆಗಳಲ್ಲಿ ಹೇಳಲಾಗುತ್ತದೆ. ಅರ್ಧ ಬೆಳಕು ಬೇಕಾದಾಗ 128 ಎಂದು ಬರೆದರೆ ಸರಿಹೋಗಬೇಕೆಂದು ತೋರುತ್ತದೆ. ಆದರೆ ಆ ಸಂಖ್ಯೆಗಳು ಬೆಳಕಿನ ನೇರ ಅಳತೆಯಲ್ಲ. 128 ಎಂದರೆ ಹೊರಬರುವ ಬೆಳಕು ಪೂರ್ಣದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ನಿಜವಾದ ಅರ್ಧ ಬೆಳಕು ಸಿಗುವುದು 188ರ ಸುಮಾರಿಗೆ. ಈ ತಿದ್ದುಪಡಿ ಇಲ್ಲದಿದ್ದರೆ ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ವೃತ್ತ ಸೊರಗಿದಂತೆ, ಅಂಚು ಕಚ್ಚಿದಂತೆ ಕಾಣುತ್ತದೆ.

ಮೂರನೆಯದು ಜೋಡಣೆಯದು. ಹಳದಿ ಕೆಂಪು ಬಾವುಟವನ್ನು ಬಿಳಿಯ ಮೇಲೆ ಬರೆಯುವಾಗ ಎರಡು ಬಣ್ಣಗಳ ಗಡಿ ಚೌಕದ ನಡುವೆ ಬಿದ್ದರೆ, ಮೊದಲು ಹಳದಿ ಅರ್ಧ ಮುಚ್ಚುತ್ತದೆ. ಆಮೇಲೆ ಬರುವ ಕೆಂಪು ಅಲ್ಲಿರುವ ಬಣ್ಣದ ಅರ್ಧವನ್ನಷ್ಟೇ ಮುಚ್ಚುತ್ತದೆ. ಕೊನೆಗೆ ಕಾಲು ಪಾಲು ಬಿಳಿ ಉಳಿದು, ಬಾವುಟದ ನಡುವೆ ತೆಳ್ಳಗೆ ಒಂದು ಬಿಳಿಚಿದ ಗೆರೆ ಕಾಣುತ್ತದೆ. ಹಳದಿಯನ್ನು ಗಡಿಯಾಚೆಗೂ ಚಾಚಿ ಅದರ ಮೇಲೆ ಕೆಂಪು ಹಾಕಿದರೆ ಈ ದೋಷವಿಲ್ಲ. ಮೂಲೆ ದುಂಡಾದ ಚೌಕಟ್ಟಿಗೂ ಇಂಥದೇ ಒಂದು ಎಚ್ಚರ ಬೇಕು. ಹೊರಗಿನ ಮೂಲೆಯ ತ್ರಿಜ್ಯ 12, ಅಂಚಿನ ದಪ್ಪ 2 ಆದರೆ ಒಳಗಿನ ತ್ರಿಜ್ಯ 10 ಇರಬೇಕು. ಒಳಗೂ 12 ಇಟ್ಟರೆ ಮೂಲೆಯಲ್ಲಿ ಅಂಚು ಸುಮಾರು 2.8ರಷ್ಟು ದಪ್ಪವಾಗಿ ಬಾತುಕೊಂಡಂತಿರುತ್ತದೆ. ಒಂದರೊಳಗೊಂದು ಕೂರುವ ಬಳೆಗಳ ಅಳತೆ ಒಂದೇ ಆಗಿರಲಾರದಲ್ಲ.

ಮರವೋ ಮಠವೋ

ಅಕ್ಷರಗಳಿಗೆ ವೃತ್ತವೊಂದೇ ಸಾಲದು. ಅವುಗಳ ಬಾಗು ಎಲ್ಲೋ ಬಿಗಿ, ಎಲ್ಲೋ ಸಡಿಲ. ಅಂಥ ಬಾಗುಗಳನ್ನು ಹೇಳುವ ಗಣಿತ ಬಂದದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಸಿಟ್ರನ್ ಕಂಪನಿಯ ಪೋಲ್ ದ ಕಾಸ್ತೆಲ್ಜೊ, ರೆನೊ ಕಂಪನಿಯ ಪಿಯರ್ ಬೆಜಿಯೆ ಕಾರಿನ ಮೈಯ ತಿರುವುಗಳನ್ನು ಯಂತ್ರಗಳಿಗೆ ತಿಳಿಸಲು 1960ರ ಆಸುಪಾಸಿನಲ್ಲಿ ಈ ದಾರಿಯನ್ನು ಬೇರೆಬೇರೆಯಾಗಿ ಕಂಡುಕೊಂಡರು. ಬಾಗಿನ ಎರಡು ತುದಿಗಳು, ಅದನ್ನು ಎಳೆದು ಹಿಡಿಯುವ ಎರಡು ಹಿಡಿಕೆಗಳು, ಹೀಗೆ ನಾಲ್ಕು ಬಿಂದುಗಳಲ್ಲಿ ಒಂದು ಬಾಗು ಅಡಗುತ್ತದೆ. ಇಂಥ ನಾಲ್ಕು ಬಾಗುಗಳನ್ನು ಜೋಡಿಸಿದರೆ ವೃತ್ತವೂ ಸಿಗುತ್ತದೆ. ಅದು ನೂರಕ್ಕೆ ನೂರು ನಿಜವಾದ ವೃತ್ತವಲ್ಲ. ಹಿಡಿಕೆಯ ಉದ್ದವನ್ನು ತ್ರಿಜ್ಯದ 0.5523ರಷ್ಟು ಇಟ್ಟರೆ ತಪ್ಪು ತ್ರಿಜ್ಯದ ಹತ್ತು ಸಾವಿರದಲ್ಲಿ ಮೂರು ಪಾಲನ್ನೂ ಮುಟ್ಟುವುದಿಲ್ಲ. ಅಕ್ಷರದ ಸೊನ್ನೆಯಲ್ಲಿ ಅದು ಯಾರ ಕಣ್ಣಿಗೂ ಬೀಳದು.

ಗಣಕದ ಅಕ್ಷರಗಳೆಲ್ಲ ಇಂಥ ಬಾಗುಗಳ ಹೊರಗೆರೆಗಳಾಗಿಯೇ ಕಡತದಲ್ಲಿ ಇರುತ್ತವೆ. ದೊಡ್ಡದಾಗಿ ಮೂಡಿಸಿದಾಗ ತೊಂದರೆಯಿಲ್ಲ. ಹನ್ನೆರಡು ಚೌಕಗಳ ಎತ್ತರಕ್ಕೆ ಇಳಿಸಿದಾಗಲೇ ಕನ್ನಡದ ಕಷ್ಟ ತಿಳಿಯುವುದು. 'ರ' ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟರೆ ಅದು 'ಠ'. ಆ ಅಳತೆಯಲ್ಲಿ ಚುಕ್ಕಿಗೆ ಸಿಗುವುದು ಬಹುಪಾಲು ಒಂದೇ ಚೌಕ. ಅದು ಸುತ್ತಲಿನ ಬೂದಿನಲ್ಲಿ ಕರಗಿದರೆ 'ಮಠ'ವೆಲ್ಲ 'ಮರ'ವಾಗುತ್ತದೆ. ಶಾಲೆಯ ಮಕ್ಕಳು ಹೊಟ್ಟೆ ಸೀಳುವುದು ಎನ್ನುವ ಮಹಾಪ್ರಾಣದ ಸಣ್ಣ ಗೆರೆ ಅಳಿಸಿಹೋದರೆ 'ಧನ' ಇದ್ದಲ್ಲಿ 'ದನ' ಇರುತ್ತದೆ. ಉಜ್ಜಿನಿ, ಕೊಟ್ಟೂರುಗಳಂಥ ಮಠಗಳ ಊರಿನಲ್ಲಿ ವಿಳಾಸ ಓದುವವರಿಗೆ, ಪಹಣಿಯಲ್ಲಿ ತಮ್ಮ ಹೆಸರು ಸರಿಯಿದೆಯೇ ಎಂದು ನೋಡುವ ರೈತರಿಗೆ ಇದು ಬರಿಯ ಅಂದದ ಪ್ರಶ್ನೆಯಲ್ಲ.

ಜೊತೆಗೆ ಎತ್ತರದ ತೊಂದರೆ. 'ಉಚ್ಚಂಗಿದುರ್ಗ' ಎಂಬ ಹೆಸರನ್ನೇ ತೆಗೆದುಕೊಂಡರೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ನಡುವೆ ಸೊನ್ನೆ, ಕೊನೆಯಲ್ಲಿ ಅರ್ಕಾವತ್ತು. ಒಂದೇ ಸಾಲಿನ ಎತ್ತರದಲ್ಲಿ ಇವೆಲ್ಲಕ್ಕೂ ಜಾಗ ಕೊಡಬೇಕಾದ್ದರಿಂದ ಅಕ್ಷರದ ಮೈಗೆ ಉಳಿಯುವ ಚೌಕಗಳು ಇಂಗ್ಲಿಷಿಗಿಂತ ಕಡಿಮೆ. 1991ರಲ್ಲಿ ಬಂದ ಟ್ರೂಟೈಪ್ ಅಕ್ಷರಗಳಲ್ಲಿ ಗೆರೆಗಳನ್ನು ಚೌಕಗಳ ಗಡಿಗೆ ಎಳೆದು ಕೂರಿಸುವ ಸೂಚನೆಗಳನ್ನು ಅಡಗಿಸಿಡಬಹುದಾಗಿತ್ತು. ಉದ್ದ ಕಂಬಗಳಂಥ ನೇರ ಗೆರೆಗಳಿರುವ ರೋಮನ್ ಲಿಪಿಗೆ ಅದರಿಂದ ಬಹಳ ಲಾಭವಾಯಿತು. ಹಿಡಿದು ಕೂರಿಸಲು ನೇರ ಗೆರೆಯೇ ವಿರಳವಾದ ಕನ್ನಡಕ್ಕೆ ಸಿಕ್ಕ ಲಾಭ ಅಷ್ಟಕ್ಕಷ್ಟೇ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಕನ್ನಡವನ್ನು ಮನೆಮನೆಯ ಗಣಕಕ್ಕೆ ತಲುಪಿಸಿದವು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೇ 'ತುಂಗಾ' ಎಂಬ ಕನ್ನಡ ಅಕ್ಷರವನ್ನು ತಂದಿತು. ಅದೇ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಕ್ಲಿಯರ್‌ಟೈಪ್ ಎಂಬ ತಂತ್ರ ಪ್ರತಿ ಚೌಕದೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಡ್ಡಲಾಗಿ ಮೂರು ಪಟ್ಟು ಸೂಕ್ಷ್ಮತೆ ತಂದಿತು. ಆದರೆ ಅದು ಅಡ್ಡಲಾಗಿ ಮಾತ್ರ ನುಣುಪು ಮಾಡುತ್ತಿತ್ತು, ಮೇಲಿನಿಂದ ಕೆಳಕ್ಕೆ ಮಾಡುತ್ತಿರಲಿಲ್ಲ. ರೋಮನ್ ಲಿಪಿಯ ನಿಂತ ಗೆರೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಕನ್ನಡದ ತಲೆಕಟ್ಟು, ಹೊಟ್ಟೆಯ ತಳ, ಒತ್ತಿನ ಬೆನ್ನು ಇವೆಲ್ಲ ಬಹುಮಟ್ಟಿಗೆ ಮಲಗಿದ ಬಾಗುಗಳು. ಅಲ್ಲಿ ಮೆಟ್ಟಿಲು ಹಾಗೆಯೇ ಉಳಿಯಿತು. 2009ರಲ್ಲಿ ವಿಂಡೋಸ್ 7ರೊಂದಿಗೆ ಬಂದ ಹೊಸ ತಂತ್ರಾಂಶ ಎರಡೂ ದಿಕ್ಕಿನಲ್ಲಿ ನುಣುಪು ಮಾಡತೊಡಗಿದ ಮೇಲೆ ಆ ಕೊರತೆ ನೀಗುತ್ತ ಬಂತು. ಯಾವುದೋ ಒಂದು ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಉಪಾಯ ಇನ್ನೊಂದಕ್ಕೆ ಅರ್ಧವಷ್ಟೇ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈಗಿನ ಮೊಬೈಲ್ ಪರದೆಗಳಲ್ಲಿ ಚೌಕಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅಲ್ಲಿ ಸೊನ್ನೆ ದುಂಡಾಗಲು ಹೆಚ್ಚು ಶ್ರಮವಿಲ್ಲ. ಹಾಗೆಂದು ಕಷ್ಟ ಮುಗಿಯಿತೆನ್ನಲಾಗದು. ಕಚೇರಿಗಳ ಅಗ್ಗದ ಪರದೆಗಳಲ್ಲಿ, ಸಣ್ಣ ಅಂಗಡಿಗಳ ರಸೀತಿ ಯಂತ್ರಗಳಲ್ಲಿ ಚೌಕಗಳು ಇಂದಿಗೂ ದೊಡ್ಡವೇ. ಬಸ್ಸಿನ ನೆತ್ತಿಯ ಎಲ್‌ಇಡಿ ಫಲಕದಲ್ಲಿ ದೀಪ ಹತ್ತಬೇಕು ಇಲ್ಲವೇ ಆರಬೇಕು. ಬೂದಿಗೆ ಎಡೆಯೇ ಇಲ್ಲ. ಅಲ್ಲಿ ಊರ ಹೆಸರು ಬರೆಯುವವರು ಕಸೂತಿ ಹಾಕುವ ಹೆಣ್ಣುಮಕ್ಕಳಂತೆ ಒಂದೊಂದೇ ಚುಕ್ಕಿ ಎಣಿಸಿ ಅಕ್ಷರ ಕಟ್ಟಬೇಕು. ಯಾವ ಚುಕ್ಕಿಯನ್ನು ಬಿಟ್ಟರೂ ಓದಬಹುದು, ಯಾವುದನ್ನು ಬಿಟ್ಟರೆ ಮಠ ಮರವಾಗುತ್ತದೆ ಎಂಬ ವಿವೇಚನೆಯನ್ನು ಯಾವ ಸೂತ್ರವೂ ತಾನಾಗಿ ಕೊಡುವುದಿಲ್ಲ. ಅದು ಕನ್ನಡ ಓದಬಲ್ಲವರ ಕಣ್ಣಿನಿಂದಲೇ ಬರಬೇಕು.

ಬಾಗಳಿಯ ಕಂಬದ ನುಣುಪನ್ನು ಕೈಯಿಂದ ಸವರಿ ತಿಳಿಯಬಹುದು. ಪರದೆಯ ಸೊನ್ನೆಯನ್ನು ಸವರಿದರೆ ಸಿಗುವುದು ಗಾಜು ಮಾತ್ರ. ಅದರ ದುಂಡು ಇರುವುದು ನೋಡುವವರ ಕಣ್ಣಿನಲ್ಲಿ. ಉಚ್ಚಂಗಿಯ ಬೆಟ್ಟ ದೂರದಿಂದ ನುಣ್ಣಗಿದ್ದು ಹತ್ತಿರದಲ್ಲಿ ಒರಟಾದರೆ ಯಾರೂ ದೂರುವುದಿಲ್ಲ. ಅದರ ಹೆಸರಿನ ನಡುವಿನ ಸೊನ್ನೆ ಮಾತ್ರ ಓದುವಷ್ಟು ಹತ್ತಿರದಲ್ಲೂ ದುಂಡಗೇ ಇರಬೇಕು.